ಸಿರುಗುಪ್ಪಕ್ಕೆ ಹೋದ ಓದು

ಕಾಲುವೆಯಾಚೆಯ ಕೂಲಿ ಕೇರಿಯ ಮಕ್ಕಳಿಗೆ ಬರಬೇಕಿದ್ದ ಎರಡನೆಯ ಶಿಕ್ಷಕರನ್ನು ಬಾರದಂತೆ ಮಾಡಿದವನು ನಾನು. ಬೇರೆಯವರೂ ಇದಕ್ಕೆ ಕೈ ಹಚ್ಚಿದ್ದಾರೆ. ಅವರ ಸರದಿ ಮುಂದೆ ಬರುತ್ತದೆ, ಒಬ್ಬರನ್ನೂ ಬಿಡುವವನಲ್ಲ. ಆದರೆ ಶುರುವಾದದ್ದು ನನ್ನಿಂದ. ಈ ಘನಕಾರ್ಯಕ್ಕಾಗಿ ನನ್ನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ನಾನು ಮದುಮಗನ ಹಾಗೆ ಕತ್ತು ಬಗ್ಗಿಸಿ ಹಾಕಿಸಿಕೊಂಡೆ.

ತಪ್ಪೆಲ್ಲ ನನ್ನ ಗಂಟಲಿನದು. ಯಾರ ಮಾತು ಕೇಳಿದರೂ ಸಂಜೆಯೊಳಗೆ ಅದು ನನ್ನ ಗಂಟಲಲ್ಲಿ ಬಂದು ಕೂರುತ್ತದೆ. ಟ್ರೈನಿಂಗ್ ಓದುವಾಗ ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಪ್ರಿನ್ಸಿಪಾಲರ ದನಿಯಲ್ಲಿ "ಯಾರದು ಅಲ್ಲಿ?" ಎಂದು ಗದರಿದಾಗ, ಕೆಳಗೆ ಕದ್ದು ಬೀಡಿ ಸೇದುತ್ತಿದ್ದ ಪ್ರಿನ್ಸಿಪಾಲರೇ ಬೀಡಿ ಎಸೆದು ನಿಂತಿದ್ದರು. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕಂಡಕ್ಟರನ ಹಾಗೆ ಸೀಟಿ ಊದಿ "ರೈಟ್, ರೈಟ್" ಎಂದೆ. ಬಸ್ಸು ಹೊರಟೇಹೋಯಿತು. ನಾನು ಹತ್ತಬೇಕಿದ್ದ ಬಸ್ಸೂ ಅದೇ ಆಗಿತ್ತು. ಇಂಥ ಬುದ್ಧಿವಂತನನ್ನು ಸರ್ಕಾರ ಪ್ರಾಥಮಿಕ ಶಾಲೆಯ ಮಾಸ್ತರನನ್ನಾಗಿ ಮಾಡಿತು.

ಊರು ಇರುವುದು ಕಂಪ್ಲಿಯಿಂದ ಆಚೆ, ಕಾಲುವೆಯ ನೀರುಂಡು ಕೊಬ್ಬಿದ ಬಯಲಿನಲ್ಲಿ. ಕಾಲುವೆಯ ಈಚೆ ಊರು: ಆರ್‌ಸಿಸಿ ಮನೆಗಳು, ಅಂಗಳಕ್ಕೊಂದು ಟ್ರ್ಯಾಕ್ಟರು, ಜಗುಲಿಗೊಂದು ರೇಡಿಯೋ, ಐದು ಕೋಣೆಯ ಶಾಲೆ. ಆಚೆ ಕೇರಿ: ಕಾಲುವೆ ಬಂದಾಗ ಕೂಲಿ ಹುಡುಕಿಕೊಂಡು ಮರಿಯಮ್ಮನಹಳ್ಳಿ ಕಡೆಯ ಒಣ ಹೊಲಗಳಿಂದ, ಸಂಡೂರು ಗುಡ್ಡದ ಬುಡದಿಂದ ಬಂದು ಅಲ್ಲೇ ನಿಂತ ಜನರ ಗುಡಿಸಲುಗಳು. ನಡುವೆ ಒಂದು ಸೇತುವೆ. ಕೇರಿಯ ಮಕ್ಕಳು ಸೇತುವೆ ದಾಟಿ ಊರ ಶಾಲೆಗೆ ಹೋಗಬಹುದಿತ್ತು, ಹೋಗುತ್ತಲೂ ಇದ್ದರು. ಅಲ್ಲಿ ಅವರಿಗೆ ಬಾಗಿಲ ಬಳಿ ಜಾಗ, ಕೈಗೆ ಕಸಬರಿಗೆ, ಮಧ್ಯಾಹ್ನ ಮಾಸ್ತರರ ಮನೆಗೆ ನೀರು ಹೊರುವ ಕೆಲಸ. ತಿಂಗಳೊಳಗೆ ಬಿಟ್ಟು ಬರುತ್ತಿದ್ದರು. "ಈ ಜನಕ್ಕ ವಿದ್ಯಾ ಹತ್ತಂಗಿಲ್ಲ" ಎಂದು ಕಸ ಹೊಡೆಸಿದವರೇ ಷರಾ ಬರೆಯುತ್ತಿದ್ದರು.

ಅದಕ್ಕೇ ಕೇರಿಯಲ್ಲೇ ಒಂದು ಶಾಲೆಯಾಯಿತು. ಒಂದು ಕೋಣೆಯನ್ನೂ ಕಟ್ಟಿದರು. ಗೋಡೆಯ ಸುಣ್ಣ ಒಣಗುವ ಮೊದಲೇ ಅದರೊಳಗೆ ಪಂಚಾಯಿತಿ ಚೇರ್ಮನ್ನರ ಗೊಬ್ಬರದ ಚೀಲ, ಬೀಜದ ಭತ್ತ ಬಂದು ಕೂತವು. "ಮಳೆ ನಿಲ್ಲೂಮಟ ಅಷ್ಟ" ಎಂದರಂತೆ. ಯಾವ ಮಳೆ ಎಂದು ಹೇಳಲಿಲ್ಲ. ನಾನು ಬರುವ ಹೊತ್ತಿಗೆ ಕೀಲಿಯ ಮೇಲೆ ತುಕ್ಕು ಹಿಡಿದಿತ್ತು, ಒಳಗೆ ಹೆಗ್ಗಣಗಳು ಸಂಸಾರ ಹೂಡಿದ್ದವು. ನಾವು ಹೊರಗೆ ಬೇವಿನ ಮರದ ಕೆಳಗೆ. ಕಿಟಕಿಯಿಂದ ಯೂರಿಯಾದ ವಾಸನೆ ಬಂದು ಮಕ್ಕಳ ಕಣ್ಣು ಉರಿಯುತ್ತಿದ್ದವು. ಶಾಲೆಯ ಕೋಣೆಯಲ್ಲಿ ಹಾಜರಿ ತಪ್ಪದೆ ಇದ್ದದ್ದು ಆ ಹೆಗ್ಗಣಗಳದ್ದು ಮಾತ್ರ.

ನಲವತ್ತರ ಹತ್ತಿರ ಮಕ್ಕಳು, ಹೆಸರಿಗೆ ನಾಲ್ಕು ತರಗತಿ, ಮಾಸ್ತರ ಒಬ್ಬ. ನನಗಿಂತ ಮುಂಚೆ ಇದ್ದವರು ವಾರಕ್ಕೊಮ್ಮೆ ಸೈಕಲ್ ಮೇಲೆ ಬಂದು, ಮರ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದರು. ಹಾಗಾಗಿ ನಾಲ್ಕನೆಯ ತರಗತಿಯವನಿಗೂ ಅಕ್ಷರ ಬರುತ್ತಿರಲಿಲ್ಲ, ಒಂದನೆಯವಳಿಗೂ ಬರುತ್ತಿರಲಿಲ್ಲ. ಸಮಾನತೆ ಎಂದರೆ ಅದು.

ಅಷ್ಟರಲ್ಲಿ ಸುದ್ದಿ ಬಂತು: ಈ ಭಾಗಕ್ಕೆ ಒಂದು ಹೊಸ ಶಿಕ್ಷಕರ ಹುದ್ದೆ ಬಂದಿದೆ, ಅದನ್ನು ಕೇರಿಯ ಶಾಲೆಗೆ ಕೊಡುವುದೋ ಊರ ಶಾಲೆಗೋ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಸ್ವತಃ ನೋಡಿ ತೀರ್ಮಾನಿಸುತ್ತಾರೆ. ನನ್ನ ಮೇಲುಸ್ತುವಾರಿ ಊರ ಶಾಲೆಯ ಹೆಡ್‌ಮಾಸ್ತರರದು. ಬಾಯ್ತುಂಬ ಎಲೆಯಡಿಕೆ, ಪ್ರತಿ ಮಾತಿಗೂ ಕೊನೆಗೊಂದು "ತಿಳೀತಿಲ್ಲೊ?" ಮಾತು ಮತ್ತು ಎಂಜಲು ಒಟ್ಟಿಗೇ ಬರುತ್ತವೆ. ನಾನು ಈಗಲೂ ಅವರನ್ನು ಮಾಡಿ ತೋರಿಸುತ್ತೇನೆ, ಆದರೆ ಎದುರಿಗೆ ಕೂತವರು ಒರೆಸಿಕೊಳ್ಳಬೇಕಾಗುತ್ತದೆ.

ಅವರು ನನ್ನನ್ನು ಕರೆದು ಹೇಳಿದರು: "ತಮ್ಮಾ, ತಪಾಸಣಿ ದಿನ ನಿನ್ನ ಹುಡುಗರನ್ನ ಕಳಿ ಕೀಳಾಕ ಗದ್ದಿಗೆ ಕಳಿಸಿಬಿಡು. ನಮ್ಮ ಸಾಲಿ ಹುಡುಗರನ್ನ ಒಂದಿಷ್ಟು ಮಂದೀನ ಕೊಡ್ತೀನಿ. ನಿನ್ನವರ ಹೆಸರು ಹೇಳಿಕೊಂಡು ಓದಿ ಬರ್ತಾರ. ಎಲ್ಲಾ ಕಡೆ ಹಿಂಗ ನಡೀತೈತಿ. ತಿಳೀತಿಲ್ಲೊ?"

ತಿಳಿಯಿತು. ಕೆನ್ನೆಯ ಮೇಲೂ ಸ್ವಲ್ಪ ಬಿತ್ತು. ಸುತ್ತಲಿನ ಊರುಗಳಲ್ಲಿ ಮದುವೆಗೆ ಜಮಖಾನ ಕೇಳಿ ತರುವಷ್ಟು ಸಲೀಸಾಗಿ ತಪಾಸಣೆಗೆ ಮಕ್ಕಳನ್ನು ಕೇಳಿ ತರುತ್ತಿದ್ದರು. ಚುರುಕಾದ ಒಬ್ಬ ಹುಡುಗ ಒಂದೇ ವಾರದಲ್ಲಿ ನಾಲ್ಕು ಶಾಲೆಯಲ್ಲಿ ನಾಲ್ಕು ಹೆಸರಿನಿಂದ ಓದಿ ಬಂದದ್ದನ್ನು ನಾನೇ ಕೇಳಿದ್ದೇನೆ. ಅವನ ಸ್ವಂತ ಹೆಸರು ಕೇಳಿದಾಗ ಮಾತ್ರ ಸ್ವಲ್ಪ ತಡವರಿಸಿದನಂತೆ.

ನಾನು ಒಲ್ಲೆ ಎಂದೆ. ಪ್ರಾಮಾಣಿಕತೆಯಿಂದಲ್ಲ, ಸೊಕ್ಕಿನಿಂದ. "ಹುಡುಗರನ್ನ ಸಾಲ ತರೋದು ಯಾಕ್ರಿ ಸರ್? ನನ್ನ ಹುಡುಗರ ಕಡಿಂದನ ಓದಿಸ್ತೀನಿ" ಎಂದೆ. ಹೆಡ್‌ಮಾಸ್ತರರು ನಕ್ಕರು. ಆ ನಗು ನನಗೆ ಚುಚ್ಚಿತು. ಬುದ್ಧಿಯಿದ್ದವನಾಗಿದ್ದರೆ ಅಲ್ಲೇ ಹೇಳಬೇಕಿತ್ತು: ಸಾಹೇಬರು ಬರಲಿ, ಇದ್ದದ್ದು ಇದ್ದ ಹಾಗೆ ನೋಡಲಿ, ಕಲಿಸುವವರಿಲ್ಲದೆ ಮಕ್ಕಳು ಹೀಗಿದ್ದಾರೆ, ಅದಕ್ಕೇ ಇನ್ನೊಬ್ಬರು ಬೇಕು ಎಂದು. ಅಷ್ಟು ಸರಳವಾದದ್ದು ನನ್ನಂಥವನಿಗೆ ಹೊಳೆಯುವುದಿಲ್ಲ.

ತಯಾರಿ ಶುರುವಾಯಿತು. ಪಠ್ಯದಲ್ಲಿ ಕರಡಿಯೊಂದು ಸಂತೆಗೆ ಹೋಗುವ ಪಾಠವಿತ್ತು. ಮೇಲೆ ಕರಡಿಯ ಚಿತ್ರ. ಹಾಗಾಗಿ ಅಕ್ಷರ ಬಾರದವರೂ ಆ ಪುಟ ತೆರೆಯಬಹುದು. ಪಾಠವನ್ನು ಉಸಿರಿಗೊಂದು ತುಂಡಿನಂತೆ ಕತ್ತರಿಸಿದೆ. ನಾನು ಹೇಳಿದ ದನಿಯಲ್ಲೇ ಅವರು ಹೇಳಬೇಕು. ಬಾಯಿಪಾಠ ಎಲ್ಲರೂ ಮಾಡಿಸುತ್ತಾರೆ. ನನ್ನ ಕಸಬು ಅದಕ್ಕಿಂತ ನಯ. ಸಾಲಿನ ಕೆಳಗೆ ಹುಣಸೆ ಬೀಜ ತಳ್ಳುತ್ತಾ ಹೇಳುವ ಅಭ್ಯಾಸ ಮಾಡಿಸಿದೆ; ಬೀಜ ಸಾಲಿನ ತುದಿ ಮುಟ್ಟುವುದಕ್ಕೂ ಮಾತು ಮುಗಿಯುವುದಕ್ಕೂ ಸರಿಹೋಗಬೇಕು. ಆಮೇಲೆ ಬೀಜ ತೆಗೆದು ಬೆರಳು. ನಾನು ಮೂಗು ಒರೆಸಿಕೊಂಡರೆ ಪುಟ ತಿರುವಬೇಕು. ಹುಬ್ಬು ಸ್ವಲ್ಪ ಗಂಟಿಕ್ಕಿರಬೇಕು. ಎಲ್ಲಕ್ಕಿಂತ ಮೇಲಾಗಿ, "ಬೆಲ್ಲದಂಗಡಿ" ಎಂಬಲ್ಲಿ ಎಡವಬೇಕು: "ಬೆ... ಬೆಲ್... ಬೆಲ್ಲ... ಬೆಲ್ಲದಂಗಡಿ!" ಎಡವದೆ ಓದುವ ಚಿಕ್ಕ ಮಗುವನ್ನು ಯಾವ ಇನ್‌ಸ್ಪೆಕ್ಟರೂ ನಂಬುವುದಿಲ್ಲ.

ಮಕ್ಕಳು ನನ್ನನ್ನೇ ಮೀರಿಸಿದರು. ಅವರಲ್ಲಿ ಹುಲಿಗಿ ಎಂಬ ಹುಡುಗಿ, ಕೇರಿಯ ನಾಟಿ ಗುಂಪಿನ ಮೇಸ್ತ್ರಿ ಹೆಂಗಸಿನ ಮಗಳು, ಎಲ್ಲರಿಗಿಂತ ಗಟ್ಟಿ. ಎಡವುವಾಗ ಆಕೆ ತುಟಿ ಕಚ್ಚುತ್ತಿದ್ದಳು. ಪುಟ ತಿರುವುವ ಮೊದಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುತ್ತಿದ್ದಳು, ಥೇಟ್ ಹೆಡ್‌ಮಾಸ್ತರರ ಹಾಗೆ. ನಾನು ಕಲಿಸಿರಲಿಲ್ಲ. ಹೊಟ್ಟೆ ಹಿಡಿದು ನಕ್ಕೆ. ಇಂಥ ಶಿಷ್ಯೆ ಸಿಕ್ಕಳಲ್ಲ ಎಂದು ಹೆಮ್ಮೆಪಟ್ಟೆ. ಆ ಬುದ್ಧಿಯನ್ನು ಹತ್ತು ದಿನ ಅಕ್ಷರಕ್ಕೆ ಹಚ್ಚಿದ್ದರೆ ಆಕೆ ಅರ್ಧ ಪುಸ್ತಕ ಓದುತ್ತಿದ್ದಳೆಂಬುದು ಆಗ ನನ್ನ ತಲೆಗೆ ಬರಲೇ ಇಲ್ಲ.

ತಪಾಸಣೆಯ ದಿನ ಜೀಪು ಮೊದಲು ಚೇರ್ಮನ್ನರ ಮನೆಗೆ ಹೋಗಿ, ಅಲ್ಲಿಂದ ಕೇರಿಗೆ ಬಂತು. ಸಾಹೇಬರು ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಕನ್ನಡ. ಮರದ ಕೆಳಗೆ ಚೇರ್ಮನ್ನರ ಮನೆಯ ಕುರ್ಚಿ ಹಾಕಿದ್ದರು. ಸಾಹೇಬರು ಕೋಣೆಯ ಕಡೆ ನೋಡಿ, "ಕೊಠಡಿ ಯಾಕೆ ಬೀಗ ಹಾಕಿದೆ?" ಎಂದರು.

ಚೇರ್ಮನ್ನರು ಗಂಟಲು ಸರಿಮಾಡಿಕೊಂಡರು. "ಕೀಲಿಕೈ ನಮ್ಮ ಹುಡುಗ ಬಳ್ಳಾರಿಗೆ ತಗೊಂಡು ಹೋಗ್ಯಾನ್ರಿ. ಮಕ್ಕಳಿಗೂ ಹೊರಗಿನ ಗಾಳಿ ಭಾಳ ಚಲೋ ಅಲ್ಲೇನ್ರಿ ಸಾಹೇಬ್ರ?"

ಆ ಹೊರಗಿನ ಗಾಳಿ ಆಗಲೇ ಕಿಟಕಿಯಿಂದ ಯೂರಿಯಾ ಹೊತ್ತು ಬಂತು. ಸಾಹೇಬರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅರ್ಧ ತರಗತಿ ಟಪ್ಪೆಂದು ಪುಟ ತಿರುವಿತು. ಪುಟ ಹಿಂದಕ್ಕೆ ತಿರುವಿರೆಂದು ನಾನು ಗುಟ್ಟಾಗಿ ಕೈಸನ್ನೆ ಮಾಡಿದೆ. ಸಾಹೇಬರು ಮಾತ್ರ "ಎಷ್ಟು ಉತ್ಸಾಹ ನೋಡಿ ಮಕ್ಕಳಿಗೆ!" ಎಂದರು.

ಹುಲಿಗಿ ಎದ್ದು ಓದಿದಳು. ಬೆಲ್ಲದಂಗಡಿಯ ಹತ್ತಿರ ಎಡವಿದಳು, ತುಟಿ ಕಚ್ಚಿದಳು, ಗೆದ್ದಳು. ಸಾಹೇಬರ ಕಣ್ಣು ತೇವವಾದವು. ಅದು ಗೊಬ್ಬರದಿಂದಲೂ ಇರಬಹುದು. ಇನ್ನಿಬ್ಬರು ಓದಿದರು. "ಇನ್ನೊಂದು ಪಾಠ ನೋಡೋಣವೆ?" ಎಂದು ಸಾಹೇಬರು ಪುಸ್ತಕಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಕಾಲುವೆಯಾಚೆಯಿಂದ ಕೋಳಿ ಸಾರಿನ ಒಗ್ಗರಣೆಯ ಪರಿಮಳ ಬಂತು. ಚೇರ್ಮನ್ನರು, "ಊಟ ಆರ್ತೈತ್ರಿ" ಎಂದರು. ಸಾಹೇಬರು ಪುಸ್ತಕ ಮುಚ್ಚಿದರು. ಒಂದು ಕೇರಿಯ ಮಕ್ಕಳ ಹಣೆಬರಹ ಒಂದು ಕೋಳಿಯ ಜೊತೆ ಕುದಿಯುತ್ತಿತ್ತು ಎಂದರೆ ಕಥೆ ಕಟ್ಟಿದೆ ಎನ್ನುತ್ತೀರಿ. ನಾನು ಅಲ್ಲೇ ಇದ್ದೆ.

ಅಲ್ಲೇ ನನಗೆ ಹಾರ ಬಿತ್ತು. ಊಟಕ್ಕೂ ಕರೆದರು. ತೀರ್ಮಾನ ಬಂದದ್ದು ಎಲೆಯ ಮುಂದೆ. ಸಾಹೇಬರು ಮೂಳೆ ಚೀಪುತ್ತಾ ಹೇಳಿದರು: "ಈ ತರುಣ ಒಬ್ಬನೇ, ಮರದ ಕೆಳಗೆ, ಇಷ್ಟು ಸಾಧಿಸಿದ್ದಾನೆ. ಇಲ್ಲಿಗೆ ಇನ್ನೊಬ್ಬ ಶಿಕ್ಷಕ ಯಾಕೆ? ಹೊಸ ಹುದ್ದೆ ಊರ ಶಾಲೆಗೇ ಇರಲಿ, ಅಲ್ಲಿ ಫಲಿತಾಂಶ ಕಮ್ಮಿ ಇದೆ. ಕೊಠಡಿಯೂ ಅಗತ್ಯವಿಲ್ಲವೆಂದು ಕಾಣುತ್ತದೆ."

"ರೈತರಿಗೆ ಉಪಯೋಗ ಆಗ್ತೈತಿ ಬಿಡ್ರಿ" ಎಂದರು ಚೇರ್ಮನ್ನರು. ಎಲ್ಲ ರೈತರ ಪರವಾಗಿ ಅವರು ಒಬ್ಬರೇ ಉಪಯೋಗಿಸುತ್ತಿದ್ದರು.

ಹೆಡ್‌ಮಾಸ್ತರರು ನನ್ನ ಕಡೆ ಬಗ್ಗಿ, "ಭೇಷ್ ತಮ್ಮಾ. ನಾ ಹೇಳಿದಂಗ ಮಾಡಿದ್ರ ನಮ್ಮ ಹುಡುಗರು ಇಷ್ಟು ಚಂದ ಓದ್ತಿದ್ದಿಲ್ಲ. ತಿಳೀತಿಲ್ಲೊ?" ಎಂದರು. ಆಗ ತಿಳಿಯಿತು. ಕೇರಿಗೆ ಬರಬೇಕಿದ್ದ ಮಾಸ್ತರನನ್ನು ನಾನೇ ಎತ್ತಿ ಅವರ ಮಡಿಲಿಗೆ ಹಾಕಿದ್ದೆ. ಬಾಯಲ್ಲಿ ಕೋಳಿಯ ತುಂಡಿತ್ತು. ಉಗಿಯಬೇಕೆನಿಸಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನುಂಗಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಸ್ವಲ್ಪ ದಿನ ಹೇಸಿಕೊಂಡು ಮರೆಯುತ್ತಿದ್ದೆನೋ ಏನೋ. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಹುಲಿಗಿಯ ತಾಯಿ ಮರದ ಹತ್ತಿರ ಬಂದು ನಿಂತಳು. ಕಂಕುಳಲ್ಲಿ ಚಿಕ್ಕ ಕೂಸು, ಜ್ವರ ಬಿಟ್ಟು ಬಾಡಿದ ಮುಖ. ಗದ್ದೆಯಲ್ಲಿ ಮೂವತ್ತು ಹೆಂಗಸರನ್ನು ಒಂದು ಸಾಲಿನಲ್ಲಿ ನಡೆಸುವ ಗಟ್ಟಿ ದನಿಯವಳು ಅಂದು ಮೆಲ್ಲಗೆ ಮಾತಾಡಿದಳು.

"ಮಾಸ್ತರ, ಒಂದು ಮಾತು ಕೇಳ್ಲೇನ್ರಿ? ನನ್ನ ಮಗಳು ಓದಿದ್ದು ಸಿರುಗುಪ್ಪಕ್ಕ ಹೋತು. ಹಂಗ್ಯಾಕಾತು?"

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಿದಳು. ಕೂಸಿಗೆ ಜ್ವರ ಏರಿ ಹೊಸಪೇಟೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಾಯಿತು. ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಹಿಂದೆಲ್ಲ ಯಾರನ್ನಾದರೂ ಕೇಳಿ ಹತ್ತುತ್ತಿದ್ದಳು. ಈ ಸಲ ಕೇಳಲಿಲ್ಲ. ಸಾಹೇಬರೇ ಮೆಚ್ಚಿದ ಮಗಳು ಜೊತೆಗಿದ್ದಳು. "ಓದವ್ವಾ, ಯಾ ಊರಿಂದು?" ಎಂದಳು. ಹುಲಿಗಿ ಬಸ್ಸಿನ ಬೋರ್ಡಿನ ಕಡೆ ಬೆರಳು ಚಾಚಿ, ಎಡದಿಂದ ಬಲಕ್ಕೆ ಎಳೆದು, ಹುಬ್ಬು ಗಂಟಿಕ್ಕಿ, "ಹೊ... ಹೊಸ... ಹೊಸಪೇಟೆ!" ಎಂದಳು. ಸುತ್ತ ನಿಂತವರ ಕಡೆ ಒಮ್ಮೆ ನೋಡಿ ತಾಯಿ ಹತ್ತಿ ಕೂತಳು. ಕೂಸು ಮೈಮೇಲೆ ಬೇಯುತ್ತಿತ್ತು. ಬಸ್ಸು ತುಂಬಿತ್ತು; ಕಂಡಕ್ಟರ್ ಹಿಂದಕ್ಕೆ ಬಂದು, ಇದು ಎದುರು ದಿಕ್ಕಿನ ಸಿರುಗುಪ್ಪದ ಬಸ್ಸು ಎನ್ನುವ ಹೊತ್ತಿಗೆ ಅರ್ಧ ದಾರಿ ಮುಗಿದಿತ್ತು. ಸಿರುಗುಪ್ಪದಲ್ಲಿ ಇಳಿದು, ಮತ್ತೆ ಬಸ್ಸು ಕಾದು, ಕತ್ತಲಾದ ಮೇಲೆ ಹೊಸಪೇಟೆ ಮುಟ್ಟಿದಳು. ಇನ್ನಷ್ಟು ತಡವಾಗಿದ್ದರೆ ಕೂಸು ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಬೈದರಂತೆ.

"ಅಕಿಗೆ ಹೊಡದೆ" ಎಂದಳು. "ಅಕಿ ಅಂತಾಳ, 'ಮಾಸ್ತರು ಹಿಂಗ ಓದಾಕ ಹೇಳಿಕೊಟ್ಟಾರ. ನಾ ಹಂಗ ಓದೀನಿ. ಬೋರ್ಡ್ ತಪ್ಪೈತಿ' ಅಂತ."

ಹುಡುಗಿ ಸುಳ್ಳು ಹೇಳಿರಲಿಲ್ಲ. ಓದುವುದೆಂದರೆ ಬೆರಳು ಎಳೆಯುವುದು, ಎಡವುವುದು, ಆಮೇಲೆ ತಾನಂದುಕೊಂಡಿದ್ದನ್ನು ಗಟ್ಟಿಯಾಗಿ ಹೇಳುವುದು ಎಂದು ನಂಬಿದ್ದಳು. ಹಾಗೆ ನಂಬಿಸಿದವನು ನಾನು. ನಾನು ಜೀವನದಲ್ಲಿ ಅಣಕಿಸಿದವರೆಲ್ಲ ನನ್ನ ಕಡೆ ತಿರುಗಿ ಒಟ್ಟಿಗೇ ಉಗಿದ ಹಾಗಾಯಿತು. ಹುಲಿಗಿ ಮರದ ಬುಡದಲ್ಲಿ ಕೆನ್ನೆಯ ಮೇಲೆ ಬಾಸುಂಡೆ ಹೊತ್ತು, ಕರಡಿಯ ಪುಟ ತೆರೆದುಕೊಂಡು ಕೂತಿದ್ದಳು.

ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಬೈಯಲಿಲ್ಲ. "ನಾಟಿಗೆ ಕರ್ಕೊಂಡು ಹೋಗೂ ಹುಡುಗೀನ ನಿಮ್ಮನ್ನ ನಂಬಿ ಸಾಲಿಗೆ ಬಿಟ್ಟಿದ್ದೆ" ಎಂದಷ್ಟೇ ಹೇಳಿ ಹೋದಳು.

ಮರುದಿನ ರಜೆ ಹಾಕಿ ಹೊಸಪೇಟೆ ಕಚೇರಿಗೆ ಹೋದೆ. ಸಾಹೇಬರ ಮುಂದೆ ನಿಂತು ಹೇಳಿದೆ: "ಸರ್, ನನ್ನ ಮಕ್ಕಳಿಗೆ ಓದಲು ಬರುವುದಿಲ್ಲ. ನೀವು ಕೇಳಿದ್ದು ನನ್ನ ಅಣಕ. ನನ್ನನ್ನು ಸಸ್ಪೆಂಡ್ ಮಾಡಿ, ಆದರೆ ಆ ಹುದ್ದೆಯನ್ನು ಕೇರಿಗೆ ಕೊಡಿ."

"ನಾನ್ಸೆನ್ಸ್. ನಾನೇ ಕಿವಿಯಾರೆ ಕೇಳಿದ್ದೇನೆ."

ಬೇರೆ ದಾರಿ ಕಾಣದೆ ಅಲ್ಲೇ ಕಣ್ಣು ಮುಚ್ಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹುಲಿಗಿಯ ದನಿಯಲ್ಲಿ ಕರಡಿಯನ್ನು ಸಂತೆಗೆ ಕಳಿಸಿದೆ. ಬೆಲ್ಲದಂಗಡಿಯ ಹತ್ತಿರ ಎಡವಿ ತುಟಿ ಕಚ್ಚಿದೆ. ಪಕ್ಕದ ಮೇಜಿನ ಗುಮಾಸ್ತರು ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಹೇಳಿದರು: "ನೋಡಪ್ಪಾ. ನಿನ್ನನ್ನು ಸಸ್ಪೆಂಡ್ ಮಾಡಿದರೆ ಕಾರಣ ಬರೆಯಬೇಕು. ಕಾರಣ ಬರೆದರೆ ನಾನೇ ಮೋಸಹೋದೆ ಎಂದು ಬರೆಯಬೇಕು. ಹೋದ ಹುದ್ದೆ ಹೋಯಿತು. ಮುಂದಿನ ವರ್ಷ ನೋಡೋಣ. ಈ ಕಲೆಯನ್ನು ಯಾವುದಾದರೂ ನಾಟಕ ಕಂಪನಿಗೆ ತೋರಿಸು, ಮುಂದೆ ಬರುತ್ತೀಯ."

ಹೀಗೆ ನನಗೆ ಶಿಕ್ಷೆಯೂ ಸಿಗಲಿಲ್ಲ. ಅಷ್ಟು ಅಸಹ್ಯ ನನಗೆ ಯಾವತ್ತೂ ಆಗಿರಲಿಲ್ಲ. ಮೆಟ್ಟಿಲಿಳಿಯುವಾಗ ಅಭ್ಯಾಸಬಲದಿಂದ ಸಾಹೇಬರ "ನೋಡಪ್ಪಾ" ನನ್ನ ಗಂಟಲಿಗೆ ಬಂತು. ಚರಂಡಿಗೆ ಉಗಿದೆ.

ವಾಪಸು ಬಂದು ಕರಡಿಯ ಪುಸ್ತಕವನ್ನು ಎತ್ತಿಟ್ಟೆ. ಕಾಲುವೆಯ ಹೂಳನ್ನು ಹಲಗೆಯ ಮೇಲೆ ಮೆತ್ತಿ, ಅದರಲ್ಲಿ ಬೆರಳಿನಿಂದ ಅಕ್ಷರ ಬರೆಸಲು ಕೂತೆ. ಒಟ್ಟಿಗೆ ಹೇಳಿಸುವುದನ್ನು ಪೂರ್ತಿ ಬಿಟ್ಟೆ. ಒಬ್ಬ ಹೇಳಿದರೆ ಉಳಿದವರು ಥಟ್ಟನೆ ಅವನ ದನಿ ಹಿಡಿಯುತ್ತಿದ್ದರು, ಗುರುವಿನ ಗುಣ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, "ಇದೇನು?" ಎಂದು ಕೇಳಬೇಕು. ಒಬ್ಬರನ್ನು ಕೇಳುವಾಗ ಉಳಿದವರು ಕಾಲುವೆಗೆ ಇಳಿಯುತ್ತಿದ್ದರು. ಅವರನ್ನು ಕರೆತರುವಷ್ಟರಲ್ಲಿ ಹೂಳು ಒಣಗುತ್ತಿತ್ತು. ಮಳೆ ಬಂದ ದಿನ ಅದೂ ಇಲ್ಲ. ಬೀಗ ಹಾಕಿದ ನಮ್ಮದೇ ಕೋಣೆಯ ಗೋಡೆಗೆ ಬೆನ್ನು ಹಚ್ಚಿ, ಸೂರಿನ ನೀರಿಗೆ ಕಾಲು ಕೊಟ್ಟು ನಿಲ್ಲುತ್ತಿದ್ದೆವು. ಹುಲಿಗಿಗೆ ಎಲ್ಲರಿಗಿಂತ ಕಷ್ಟವಾಯಿತು. 'ಬ' ತೋರಿಸಿದರೆ ಇಡೀ ಬೆಲ್ಲದಂಗಡಿ ಹೇಳಿಬಿಡುತ್ತಿದ್ದಳು, ಆಮೇಲೆ ನನ್ನ ಮುಖ ನೋಡಿ ಅಳುತ್ತಿದ್ದಳು. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಅದನ್ನು ತಿಳಿಯಲು ಇಷ್ಟೆಲ್ಲ ಆಗಬೇಕಾಯಿತು.

ಒಂದು ಸೋಮವಾರ ಕೇರಿಯವರನ್ನು ಮರದ ಕೆಳಗೆ ಕೂಡಿಸಿದೆ. ನನಗೆ ಭಾಷಣ ಬರುವುದಿಲ್ಲ, ಬರುವುದನ್ನೇ ಮಾಡಿದೆ. ಸಾಹೇಬರು ಮೂಗು ಒರೆಸಿದ್ದು, ಹೆಡ್‌ಮಾಸ್ತರರು ಎಂಜಲು ಹಾರಿಸಿದ್ದು, ಚೇರ್ಮನ್ನರು ಗಂಟಲು ಸರಿಮಾಡಿದ್ದು, ಹಾರ ಹಾಕಿಕೊಂಡು ಕೋಳಿ ನುಂಗಿದ ನಾನು, ಎಲ್ಲವನ್ನೂ ಮಾಡಿ ತೋರಿಸಿದೆ. ಜನ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಎಲೆಯ ಮುಂದಿನ ತೀರ್ಮಾನವನ್ನು ಸಾಹೇಬರ ದನಿಯಲ್ಲೇ ಹೇಳಿದೆ. ನಗು ನಿಂತಿತು.

"ಅಂದ್ರ ನಮ್ಮ ಮಕ್ಕಳು ಓದಿದ್ದು ಸುಳ್ಳೇನು?" ಎಂದ ಒಬ್ಬ.

"ಸುಳ್ಳು. ನಾ ಹೇಳಿಕೊಟ್ಟ ಸುಳ್ಳು."

ಒಬ್ಬ ಮುದುಕ ಎದ್ದು ಕೋಣೆಯ ಕಿಟಕಿಯಲ್ಲಿ ಇಣುಕಿದ. "ಥೂ" ಎಂದ. "ಈ ಚೀಲ ಹೊತ್ತು ತಂದು ಇಟ್ಟವರು ಯಾರಲೇ? ನಾವ ಅಲ್ಲೇನು? ನಮ್ಮ ಬೆನ್ನ ಮ್ಯಾಲ ಹೊತ್ತು, ನಮ್ಮ ಮಕ್ಕಳು ಕುಂದ್ರೂ ಜಾಗದಾಗ ಇಟ್ಟೀವಿ."

ಹುಲಿಗಿಯ ತಾಯಿ ಸೆರಗಿನ ಧೂಳು ಕೊಡವಿಕೊಂಡು ಎದ್ದಳು. "ಕಾಲುವಿಗೆ ನೀರು ಬಿಡ್ಲಿ, ನೋಡೋಣು" ಎಂದಳು.

ಕಾಲುವೆಗೆ ನೀರು ಬಂದರೆ ಇಡೀ ಬಯಲು ಒಟ್ಟಿಗೇ ನಾಟಿಗೆ ಬೀಳುತ್ತದೆ. ಸುತ್ತಲಿನ ಎಲ್ಲ ಕೂಲಿ ಕೇರಿಗಳಲ್ಲೂ ಹೆಂಗಸರ ಗುಂಪುಗಳು ಮುಂಚೆಯೇ ಮಾತಾಗಿರುತ್ತವೆ. ಒಂದು ಗುಂಪು ಕೈಕೊಟ್ಟರೆ ಇನ್ನೊಂದು ಸಿಗುವುದಿಲ್ಲ. ನೀರು ಬಂತು. ಚೇರ್ಮನ್ನರ ಗದ್ದೆ ಕೆಸರು ಮಾಡಿ ಹದಕ್ಕೆ ತಂದರು. ಹೆಂಗಸರು ಹೋಗಲಿಲ್ಲ. ಮೊದಲ ದಿನ ಆಳು ಬಂದು ಕರೆದ. ಎರಡನೆಯ ದಿನ ಚೇರ್ಮನ್ನರ ಮಗ ಬಂದು ಕೂಲಿ ಹೆಚ್ಚು ಕೊಡುವುದಾಗಿ ಹೇಳಿದ. "ಕೋಣಿ ಖಾಲಿ ಮಾಡ್ರಿ, ಮಾಸ್ತರನ್ನ ಕೊಡ್ರಿ, ಆಮ್ಯಾಲ ಗದ್ದಿಗೆ ಇಳೀತೀವಿ" ಎಂದು ಹೆಂಗಸರು ಹೇಳಿ ಕಳಿಸಿದರು. ಬೇರೆ ಕೂಲಿಯವರನ್ನು ತರಲು ಚೇರ್ಮನ್ನರು ಕಂಪ್ಲಿ, ಗಂಗಾವತಿ ಕಡೆ ಟ್ರ್ಯಾಕ್ಟರ್ ಅಟ್ಟಿದರು, ಬರಿದಾಗಿ ಬಂತು. ಹೆಡ್‌ಮಾಸ್ತರರು ನನ್ನನ್ನು ಸೇತುವೆಯ ಮೇಲೆ ತಡೆದು, "ಈ ಜನದ ತಲಿ ಕೆಡಿಸಿದಿ. ನಿನ್ನ ನೌಕರಿ ಉಳಿಯಂಗಿಲ್ಲ, ತಿಳೀತಿಲ್ಲೊ?" ಎಂದರು. ಅವರದೇ ದನಿಯಲ್ಲಿ "ತಿಳೀತ್ರಿ" ಎಂದೆ, ಎಂಜಲು ಸಮೇತ.

ಕೆಲವು ದಿನ ಕಳೆಯಿತು. ಕೇರಿಯಲ್ಲಿ ಒಲೆ ಉರಿಯುವುದು ಕಮ್ಮಿಯಾಯಿತು. ನಾಟಿಯ ದಿನಗಳು ಅವರಿಗೂ ವರ್ಷದ ಅನ್ನ. ಒಬ್ಬಿಬ್ಬರು ಗೊಣಗಿದರು. ನನಗೆ ಹೆದರಿಕೆಯಾಯಿತು, ಈ ಸಲ ನನ್ನ ಆಟದಿಂದ ಮಕ್ಕಳ ಅನ್ನವನ್ನೂ ಕಳೆಯುತ್ತಿದ್ದೇನೆಯೆ ಎಂದು. ಹುಲಿಗಿಯ ತಾಯಿಗೆ ಹೇಳಿದೆ. "ಇದು ನಿಮ್ಮ ಆಟ ಅಲ್ರಿ ಮಾಸ್ತರ, ನಮ್ಮದು. ನೀವು ಅಕ್ಷರ ಹೇಳಿಕೊಡ್ರಿ ಹೋಗ್ರಿ" ಎಂದಳು.

ಕಡೆಗೆ ಚೇರ್ಮನ್ನರು ತಾವೇ ಬಂದರು. ಹೊಸಪೇಟೆಗೆ ಹೋಗಿ ಇನ್‌ಸ್ಪೆಕ್ಟರ್ ಸಾಹೇಬರನ್ನೂ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ಹೆಡ್‌ಮಾಸ್ತರರು. ಮರದ ಕೆಳಗೆ ಮಕ್ಕಳು, ಅವರ ಹಿಂದೆ ಹೆಂಗಸರು, ಬದಿಯಲ್ಲಿ ನಾನು. ಸಾಹೇಬರು, "ಮುಂದಿನ ವರ್ಷ ಖಂಡಿತ ನೋಡೋಣ ತಾಯಿ, ಈಗ ಕೆಲಸಕ್ಕೆ ಹೋಗಿ" ಎಂದರು. ಹೆಂಗಸರು ಅವರನ್ನು ನೋಡಲೇ ಇಲ್ಲ.

ಆಮೇಲೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೊತ್ತು ಮುಳುಗುವ ಮೊದಲು ಬಳ್ಳಾರಿಗೆ ಹೋಗಿದ್ದ ಕೀಲಿಕೈ ಚೇರ್ಮನ್ನರ ಅಂಗಿಯ ಜೇಬಿನಿಂದಲೇ ಹೊರಬಂತು. ಚೀಲ ಒಳಗೆ ಹೊತ್ತ ಬೆನ್ನುಗಳೇ ಹೊರಗೂ ಹೊತ್ತವು. ಊರ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರಮ್ಮನನ್ನು ಆ ವಾರವೇ ನಮ್ಮ ಶಾಲೆಗೆ ಹಾಕಿ ಆದೇಶವಾಯಿತು. ಹಾಗೆ ಮಾಡಲು ಸಾಹೇಬರಿಗೆ ಒಂದೇ ಮಾತು ಸಾಕಾಗಿತ್ತಂತೆ. ಇಷ್ಟು ದಿನ ಆ ಮಾತು ಹೇಳಿರೆಂದು ಅವರಿಗೆ ಬೇಕಾದವರು ಯಾರೂ ಕೇಳಿರಲಿಲ್ಲ. ಈ ಸಲ ಚೇರ್ಮನ್ನರೇ, "ಕಳಿಸಿಬಿಡ್ರಿ ಸಾಹೇಬ್ರ ಆಚಿಗೆ, ನನ್ನ ನಾಟಿ ನಿಂತೈತಿ" ಎಂದು ಗೋಗರೆದರು. ಮಕ್ಕಳಿಗೆ ಟೀಚರು ಬಂದದ್ದು ಮಕ್ಕಳಿಗಾಗಿ ಅಲ್ಲ, ಭತ್ತಕ್ಕಾಗಿ. ಆದರೂ ಹುಲಿಗಿ ಈಗ ಗೋಡೆಯಿರುವ ಕೋಣೆಯಲ್ಲಿ ಕೂತು, ಮುಂಚೆ ನೋಡಿರದ ಪುಟವನ್ನು ನಿಜವಾಗಿಯೂ ಎಡವುತ್ತಾ ಓದುತ್ತಾಳೆ.

ಆ ದಿನ ಮರದ ಕೆಳಗೆ ಚೇರ್ಮನ್ನರ ತಾಳ್ಮೆ ಹರಿದದ್ದು ಹೀಗೆ. ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು ಹುಲಿಗಿಯ ತಾಯಿಯ ಮೇಲೆ ಕೂಗಾಡಿದರು: "ಏನಬೇ, ಏನಂ‌ತ ತಿಳ್ಕೊಂಡಿ? ನನ್ನ ಸಸಿ ಮಡಿ ನೋಡಿ ಬಾ ಹೋಗು! ತಿಂಗಳ ದಾಟೇತಿ, ಇನ್ನೂ ಮಡ್ಯಾಗ ಕುಂತಾವ. ಹಿಂಗ ಕುಂತ್ರ ಕೆಟ್ಟು ಹೋಗ್ತಾವ, ಆಮ್ಯಾಲ ಹಚ್ಚಿದ್ರೂ ತೆನಿ ಹಿಡಿಯಂಗಿಲ್ಲ. ನಿನಗ ಗೊತ್ತಿಲ್ಲೇನು?"

ಆಕೆ ಕೂಸನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಗೊತ್ತೈತ್ರಿ ಸಾವ್ಕಾರ್ರ. ನಿಮ್ಮ ಸಸಿ ಒಂದು ತಿಂಗಳು ಮಡ್ಯಾಗ ಕುಂತಿದ್ದಕ್ಕ ಹೊಸಪ್ಯಾಟಿಯಿಂದ ಸಾಹೇಬ್ರನ್ನ ಜೀಪ್‌ನ್ಯಾಗ ಕರ್ಕೊಂಡು ಬಂದೀರಿ. ನನ್ನ ಮಗಳು ಮೂರು ವರ್ಷ ಆತು ಒಂದನೇ ಕ್ಲಾಸಿನ್ಯಾಗ ಕುಂತು. ಅಕಿ ಸಲುವಾಗಿ ಯಾರು ಜೀಪ್ ತಂದ್ರಿ?"